ಶ್ವಾಸಕೋಶ ವೈದ್ಯಶಾಸ್ತ್ರದ ಚರಿತ್ರೆ

ಶ್ವಾಸಕೋಶ ಮತ್ತು ಶ್ವಾಸನಾಳಗಳ ರೋಗಗಳಿಗೆ ಚಿಕಿತ್ಸೆ ನೀಡುವ ವೈದ್ಯಶಾಖೆ. ಉಬ್ಬಸ, ನ್ಯುಮೋನಿಯಾ, ಶ್ವಾಸನಾಳಗಳ ದೀರ್ಘಕಾಲಿಕ ಅಡಚಣೆಯ ರೋಗ (ಸಿ.ಒ.ಪಿ.ಡಿ.), ಕ್ಯಾನ್ಸರ್ ಮೊದಲಾದವು ಇಂದು ಇದರ ವ್ಯಾಪ್ತಿಗೆ ಬರುತ್ತವಾದರೂ ಈ ಶಾಖೆಯನ್ನು ಬೆಳೆಸಿದ್ದು ಬಹುಮಟ್ಟಿಗೆ ಒಂದೇ ರೋಗ, ಕ್ಷಯ.

1816ರಲ್ಲಿ ಪ್ಯಾರಿಸಿನ ರೆನೆ ಲೆನೆಕ್ ಕಾಗದದ ಸುರುಳಿಯನ್ನು ರೋಗಿಯ ಎದೆಗೊತ್ತಿ ಆಲಿಸಿದ. ಸ್ಟೆತಾಸ್ಕೋಪ್ ಹುಟ್ಟಿದ್ದು ಹೀಗೆ. ಎದೆಯಲ್ಲಿ ಕೇಳಿದ ಸದ್ದನ್ನು ಶವಪರೀಕ್ಷೆಯಲ್ಲಿ ಕಂಡ ಶ್ವಾಸಕೋಶದ ಸ್ಥಿತಿಯೊಂದಿಗೆ ತಾಳೆನೋಡಿದ್ದು ಉಪಕರಣಕ್ಕಿಂತಲೂ ದೊಡ್ಡ ಕೊಡುಗೆ. 1826ರಲ್ಲಿ ಈತನೂ ಕ್ಷಯದಿಂದಲೇ ತೀರಿಕೊಂಡ. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟ. 1895ರಲ್ಲಿ ಎಕ್ಸ್-ರೇ ಬಂತು. ರೋಗ ಗುರುತಿಗೆ ಸಿಕ್ಕರೂ ಮದ್ದಿರಲಿಲ್ಲ. ಸ್ಯಾನಟೋರಿಯಂಗಳಲ್ಲಿ ವಿಶ್ರಾಂತಿ, ಒಳ್ಳೆಯ ಗಾಳಿ, ಪುಷ್ಟಿಯ ಊಟ ಕೊಡುವುದು, ಎದೆಗೂಡಿಗೆ ಗಾಳಿ ತುಂಬಿ ರೋಗ ತಗುಲಿದ ಶ್ವಾಸಕೋಶವನ್ನು ಕುಗ್ಗಿಸುವುದು, ಇಷ್ಟೇ ತಜ್ಞರಿಗಿದ್ದ ದಾರಿ. ಮದನಪಲ್ಲಿ ಬಳಿಯ ಆರೋಗ್ಯವರಂ, ಮೈಸೂರಿನ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂ ಈ ಕಾಲದವು.

ಸ್ಟ್ರೆಪ್ಟೊಮೈಸಿನ್ (1943), ಐಸೋನಿಯಜಿಡ್ (1952) ಬಂದ ಮೇಲೆ ಸ್ಯಾನಟೋರಿಯಂ ಬೇಕೇ ಎಂಬ ಪ್ರಶ್ನೆ ಎದ್ದಿತು. ಉತ್ತರ ಸಿಕ್ಕಿದ್ದು ಮದರಾಸಿನಲ್ಲಿ. 1956ರಲ್ಲಿ ಅಲ್ಲಿ ಆರಂಭವಾದ ಸಂಶೋಧನಾ ಕೇಂದ್ರ ಕೆಲವು ರೋಗಿಗಳಿಗೆ ಸ್ಯಾನಟೋರಿಯಂನಲ್ಲೂ ಕೆಲವರಿಗೆ ಮನೆಯಲ್ಲೂ ಒಂದೇ ಬಗೆಯ ಔಷಧ ಕೊಟ್ಟಿತು. ಇಕ್ಕಟ್ಟಾದ ಮನೆಗಳಲ್ಲಿ, ಅರೆಹೊಟ್ಟೆಯಲ್ಲಿದ್ದ ಬಡವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಮನೆಮಂದಿಗೆ ಅಂಟುವ ಅಪಾಯವೂ ಹೆಚ್ಚಲಿಲ್ಲ. ಈ ಅಧ್ಯಯನದ 1959ರ ವರದಿ ಜಗತ್ತಿನ ಕ್ಷಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು.

ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಸಂಸ್ಥೆಯ ಸಂಶೋಧಕರಾದ ಬ್ಯಾನರ್ಜಿ ಮತ್ತು ಆಂಡರ್ಸನ್ ಕಂಡದ್ದು ಮನ ಕಲಕುವಂಥದು: ರೋಗಿಗಳಲ್ಲಿ ಅರ್ಧದಷ್ಟು ಜನ ತಾವಾಗಿಯೇ ವೈದ್ಯರ ಬಳಿ ಹೋಗಿದ್ದರು, ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ಮರಳಿದ್ದರು. ತಪ್ಪು ಹಳ್ಳಿಗರ ಅಜ್ಞಾನದ್ದಲ್ಲ ಎಂಬುದು ಸ್ಪಷ್ಟವಾಯಿತು. ಅಷ್ಟರಲ್ಲಾಗಲೇ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಕಫ ಪರೀಕ್ಷೆಯನ್ನೂ ಚಿಕಿತ್ಸೆಯನ್ನೂ ಸಾಮಾನ್ಯ ಆಸ್ಪತ್ರೆಗಳಿಗೆ ವಹಿಸಿತ್ತು. ಅಲ್ಲಿನವರನ್ನು ತರಬೇತುಗೊಳಿಸುವುದೂ ತಜ್ಞರ ಹೊಣೆಯಾಯಿತು.

ಈ ನಡುವೆ ಶಾಖೆಯ ಹರವು ಹಿಗ್ಗಿತ್ತು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಸಂಶೋಧಕರಾದ ಡಾಲ್ ಮತ್ತು ಹಿಲ್ 1950ರಲ್ಲಿ ತೋರಿಸಿದರು. ಜಪಾನಿನ ಶಿಗೆಟೊ ಇಕೆಡಾ 1960ರ ದಶಕದಲ್ಲಿ ರೂಪಿಸಿದ ಬಾಗುವ ಬ್ರಾಂಕೋಸ್ಕೋಪ್ ಸಣ್ಣ ಶ್ವಾಸನಾಳಗಳವರೆಗೂ ಕಣ್ಣು ಹಾಯಿಸಲು ನೆರವಾಯಿತು. ಆದರೂ ಕ್ಷಯವು ತಜ್ಞರ ಕೈಬಿಟ್ಟಿಲ್ಲ. ಔಷಧಕ್ಕೆ ಬಗ್ಗದ ಕ್ಷಯದಲ್ಲಿ ಯಾವ ಮದ್ದು, ಎಷ್ಟು ಕಾಲ ಎಂಬುದನ್ನು ರೋಗಿಯಿಂದ ರೋಗಿಗೆ ಅವರೇ ತೀರ್ಮಾನಿಸಬೇಕಾಗುತ್ತದೆ.