ಮದ್ರಾಸಿಗೆ ಬಂದ ವಿದ್ಯಾರ್ಥಿ, ಮದ್ರಾಸಿನಿಂದ ಹೋದ ವಿದ್ಯಾರ್ಥಿ

ಕರ್ನಾಟಕ ಸಂಗೀತ ಕೇಳುವವರ ನಡುವೆ ಜಾನ್ ಹಿಗ್ಗಿನ್ಸ್ ಹೆಸರು ಬಂದರೆ ಮಾತು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗುತ್ತದೆ. ಅಮೆರಿಕದ ಯುವಕನೊಬ್ಬ ಮದ್ರಾಸಿಗೆ ಬಂದ, ತ್ಯಾಗರಾಜರ ಕೃತಿಗಳನ್ನು ನಮ್ಮವರಂತೆಯೇ ಹಾಡಿದ, ಜನ ಅವನನ್ನು ಹಿಗ್ಗಿನ್ಸ್ ಭಾಗವತರ್ ಎಂದು ಕರೆದರು. ಕೇಳಿದವರು ತಲೆದೂಗುತ್ತಾರೆ. ನಮ್ಮ ಸಂಗೀತದ ಹಿರಿಮೆಗೆ ಹೊರಗಿನ ಸಾಕ್ಷಿಯೊಂದು ಸಿಕ್ಕಿತಲ್ಲ ಎಂಬ ಸಮಾಧಾನ ಎಲ್ಲರಿಗೂ.

ಈ ಕಥೆ ಸುಳ್ಳಲ್ಲ. ಆದರೆ ಇಸವಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಇದು ನಡುವಿನಿಂದ ಶುರುವಾದ ಕಥೆ ಎಂದು ನನಗನ್ನಿಸುತ್ತದೆ. ಮೊದಲು ಸಮುದ್ರ ದಾಟಿದ ವಿದ್ಯಾರ್ಥಿ ಹಿಗ್ಗಿನ್ಸ್ ಅಲ್ಲ. ಅವರಿಗೆ ಕಲಿಸಿದ ಗುರು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅಮೆರಿಕದ ಸೆನೆಟರ್ ಜೆ. ವಿಲಿಯಂ ಫುಲ್‌ಬ್ರೈಟ್ ಒಂದು ಕಾಯಿದೆ ತಂದರು. ಯುದ್ಧದ ನಂತರ ಹೊರದೇಶಗಳಲ್ಲಿ ಉಳಿದುಹೋದ ಅಮೆರಿಕದ ಸಾಮಗ್ರಿಯನ್ನು ಮಾರಿ, ಆ ಹಣದಲ್ಲಿ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ದೇಶದಿಂದ ದೇಶಕ್ಕೆ ಕಳಿಸುವ ಯೋಜನೆ ಅದು. ಭಾರತ 1950ರ ಫೆಬ್ರವರಿ 2ರಂದು ಅದರ ಒಪ್ಪಂದಕ್ಕೆ ಸಹಿ ಹಾಕಿತು. ಎಂಜಿನಿಯರುಗಳು, ಅರ್ಥಶಾಸ್ತ್ರಜ್ಞರು, ವಿಜ್ಞಾನಿಗಳು ಈ ದಾರಿಯಲ್ಲಿ ಹೋದದ್ದು ನಮಗೆ ಗೊತ್ತು. 1958ರಲ್ಲಿ ಅದೇ ದಾರಿಯಲ್ಲಿ ಮದ್ರಾಸಿನ ಕೊಳಲು ವಿದ್ವಾಂಸರೊಬ್ಬರು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅವರೇ ಟಿ. ವಿಶ್ವನಾಥನ್.

ಕೊಳಲು ಕಲಿತವರು ಅಲ್ಲಿ ಹೋಗಿ ಕಲಿಯುವುದು ಏನಿತ್ತು? ವಿಶ್ವನಾಥನ್ ವೀಣೆ ಧನಮ್ಮಾಳ್ ಅವರ ಮೊಮ್ಮಗ, ನರ್ತಕಿ ಬಾಲಸರಸ್ವತಿಯವರ ತಮ್ಮ, ತಿರುಪ್ಪಾಂಬುರಂ ಸ್ವಾಮಿನಾಥ ಪಿಳ್ಳೈ ಅವರ ಶಿಷ್ಯ. ಅವರಿಗೆ ಸಂಗೀತ ಹೇಳಿಕೊಡಬಲ್ಲವರು ಕ್ಯಾಲಿಫೋರ್ನಿಯಾದಲ್ಲಿ ಇರಲಿಲ್ಲ. ಆದರೆ ಅಲ್ಲಿ ಮ್ಯಾಂಟಲ್ ಹುಡ್ ಎಂಬ ಪ್ರಾಧ್ಯಾಪಕರು ಹೊಸದೊಂದು ವಾದ ಮುಂದಿಟ್ಟಿದ್ದರು: ಬೇರೆ ಜನರ ಸಂಗೀತವನ್ನು ಅಧ್ಯಯನ ಮಾಡುವವನು ಅದನ್ನು ಕೇಳಿ ಬರೆದರೆ ಸಾಲದು, ತಾನೇ ನುಡಿಸಲು ಕಲಿಯಬೇಕು. ಮಾತೃಭಾಷೆಯ ಜತೆಗೆ ಇನ್ನೊಂದು ಭಾಷೆ ಕಲಿತ ಹಾಗೆ. ಇಂಥ ವಾದಕ್ಕೆ ಕಲಿಸುವ ಕಲಾವಿದರು ಬೇಕಾಗುತ್ತಾರೆ. ಮನೆಯಲ್ಲಿ ಕೇಳಿ ಕೇಳಿ ಬಂದ ವಿದ್ಯೆಯನ್ನು ವಾರಕ್ಕಿಷ್ಟು ತರಗತಿ, ಅವಧಿಗಿಷ್ಟು ಪಾಠ ಎಂದು ಹೊರಗಿನವರ ಮುಂದೆ ಬಿಡಿಸಿಡುವುದು ಸುಲಭದ ಕೆಲಸವಲ್ಲ. 1960ರವರೆಗೆ ಅಲ್ಲಿದ್ದು ವಾಪಸಾದ ವಿಶ್ವನಾಥನ್, 1961ರಿಂದ 1965ರವರೆಗೆ ಮದ್ರಾಸ್ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಮುಖ್ಯಸ್ಥರಾಗಿದ್ದರು.

ಆ ಮನೆತನದ ಹಿನ್ನೆಲೆಯನ್ನು ಹೇಳದೆ ಮುಂದೆ ಹೋದರೆ ಈ ಚರಿತ್ರೆಯ ತಿರುಳೇ ಬಿಟ್ಟುಹೋಗುತ್ತದೆ. ಧನಮ್ಮಾಳ್ ಅವರದು ದೇವದಾಸಿ ಪರಂಪರೆಯ ಮನೆ. 1947ರಲ್ಲಿ ಮದ್ರಾಸ್ ಪ್ರಾಂತ್ಯ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ಕಾಯಿದೆಯಿಂದ ನಿಷೇಧಿಸಿತು. ಶೋಷಣೆ ನಿಲ್ಲಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ದಶಕಗಳಲ್ಲಿ ನೃತ್ಯ ಮೇಲ್ಜಾತಿಯ ಮನೆಗಳಿಗೂ ಸಭಾಗಳ ವೇದಿಕೆಗೂ ದಾಟಿತು. ತಲೆಮಾರುಗಳಿಂದ ಅದನ್ನು ಕಾಪಾಡಿದ ಮನೆಗಳು ಪಕ್ಕಕ್ಕೆ ಸರಿದವು. ಕಲೆ ಗೌರವಸ್ಥವಾಯಿತು, ಕಲಾವಿದೆಯ ಮನೆ ಆಗಲಿಲ್ಲ. ಇಂಥ ಹೊತ್ತಿನಲ್ಲಿ ಅಕ್ಕ, ತಮ್ಮಂದಿರು ಮೂವರಿಗೂ ಪಾಠ ಹೇಳಲು ದೊಡ್ಡ ಜಾಗವೊಂದು ಸಿಕ್ಕಿದ್ದು ಸಮುದ್ರದಾಚೆಯ ಕ್ಯಾಂಪಸ್ಸುಗಳಲ್ಲಿ.

1962ರಲ್ಲಿ ಬಾಲಸರಸ್ವತಿ ಮೊದಲ ಬಾರಿಗೆ ಅಮೆರಿಕ ಪ್ರವಾಸ ಮಾಡಿದರು. ಕನೆಕ್ಟಿಕಟ್ ರಾಜ್ಯದ ಮಿಡಲ್‌ಟೌನ್ ಊರಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಆಗ ರಾಬರ್ಟ್ ಬ್ರೌನ್ ಇದ್ದರು. ಮೃದಂಗವನ್ನೇ ಸಂಶೋಧನೆಯ ವಿಷಯ ಮಾಡಿಕೊಂಡಿದ್ದ ವಿದ್ವಾಂಸರು. ಬಾಲಾ ಅಲ್ಲಿಗೆ ಬಂದರು. ಅವರ ಇನ್ನೊಬ್ಬ ತಮ್ಮ, ಮೃದಂಗ ವಿದ್ವಾನ್ ಟಿ. ರಂಗನಾಥನ್, ಅಲ್ಲಿ ಪಾಠ ಹೇಳತೊಡಗಿದರು. ಪಾಶ್ಚಾತ್ಯ ಗಾಯನ ಕಲಿಯುತ್ತಿದ್ದ ಜಾನ್ ಹಿಗ್ಗಿನ್ಸ್ ಈ ಕುಟುಂಬವನ್ನು ಕಂಡದ್ದು ತಮ್ಮದೇ ಕಾಲೇಜಿನಲ್ಲಿ, ಮದ್ರಾಸಿನಲ್ಲಲ್ಲ. ಹುಟ್ಟಿದ್ದು 1939ರಲ್ಲಿ, ಮ್ಯಾಸಚೂಸೆಟ್ಸ್‌ನ ಆಂಡೋವರ್‌ನಲ್ಲಿ. 1964ರಲ್ಲಿ ಅದೇ ಫುಲ್‌ಬ್ರೈಟ್ ವೇತನ ಪಡೆದು ಅವರು ಮದ್ರಾಸಿಗೆ ಬಂದು ವಿಶ್ವನಾಥನ್ ಅವರ ಬಳಿ ಗಾಯನಕ್ಕೆ ಕೂತರು. ಆರು ವರ್ಷದ ಹಿಂದೆ ಗುರು ಹೋದ ದಾರಿಯಲ್ಲೇ ಶಿಷ್ಯ ಎದುರು ದಿಕ್ಕಿನಿಂದ ಬಂದಂತಾಯಿತು.

ವಿಶ್ವನಾಥನ್ ಕೊಳಲು ವಾದಕರಾದರೂ ಅಷ್ಟೇ ಚೆನ್ನಾಗಿ ಹಾಡುತ್ತಿದ್ದರು. ಧನಮ್ಮಾಳ್ ಮನೆಯ ಬಾನಿ ಅವಸರದ್ದಲ್ಲ. ವಿಳಂಬ ನಡೆ, ಗಮಕಕ್ಕೆ ಒತ್ತು, ಸಾಹಿತ್ಯದ ಒಂದೊಂದು ಅಕ್ಷರಕ್ಕೂ ಬೆಲೆ. ಬಂದ ಸ್ವಲ್ಪ ಕಾಲದಲ್ಲೇ ಹಿಗ್ಗಿನ್ಸ್ ತಿರುವಯ್ಯಾರಿನ ತ್ಯಾಗರಾಜ ಆರಾಧನೆಯಲ್ಲಿ ಹಾಡಿ ಮೆಚ್ಚುಗೆ ಪಡೆದರು. ಇಂದಿಗೂ ಅವರ ಧ್ವನಿಮುದ್ರಣ ಕೇಳಿದವರು ಮೊದಲು ಹೇಳುವುದು ಉಚ್ಚಾರಣೆಯ ಬಗ್ಗೆ. ಚೆನ್ನೈನಲ್ಲಿ ಬದುಕುವ ಕನ್ನಡಿಗನಾದ ನನಗೆ ಈ ಮಾತಿನ ತೂಕ ಗೊತ್ತು. ನಾನು ತಮಿಳಿನಲ್ಲಿ ಎರಡು ವಾಕ್ಯ ಆಡುವಷ್ಟರಲ್ಲಿ ಅಂಗಡಿಯವರು ಯಾವ ಊರು ಎಂದು ಕೇಳುತ್ತಾರೆ. ನೆರೆಯ ಭಾಷೆಯೇ ನಾಲಗೆಗೆ ಇಷ್ಟು ತಡವಾಗಿ ಒಲಿಯುವಾಗ, ತೆಲುಗು, ತಮಿಳು, ಸಂಸ್ಕೃತಗಳ ಹ್ರಸ್ವ ದೀರ್ಘಗಳನ್ನು ಇಂಗ್ಲಿಷ್ ನಾಲಗೆ ಹಿಡಿದದ್ದರ ಹಿಂದೆ ಎಷ್ಟು ಬೆಳಗುಗಳ ಸಾಧನೆ ಇದ್ದಿರಬೇಕು!

ಹಿಗ್ಗಿನ್ಸ್ ಹಾಡಿ ಚಪ್ಪಾಳೆ ಗಿಟ್ಟಿಸಿ ಹೊರಟುಹೋಗಿದ್ದರೆ ಅದು ಕೌತುಕವಾಗಿ ಮುಗಿಯುತ್ತಿತ್ತು. ಅವರು ಮತ್ತೆ ಮತ್ತೆ ಬಂದರು. 1973ರ ಅವರ ಡಾಕ್ಟರೇಟ್ ಪ್ರಬಂಧದ ವಿಷಯ ಭರತನಾಟ್ಯದ ಸಂಗೀತ. ಬಾಲಸರಸ್ವತಿ ನರ್ತಿಸುವಾಗ ತಾಯಿ ಜಯಮ್ಮಾಳ್ ಹಾಡುತ್ತಿದ್ದಂಥ ವರ್ಣ, ಪದ, ಜಾವಳಿಗಳ ಲೋಕ ಅದು. ಕಚೇರಿ ಸಂಗೀತ ಒಂದು ಕಡೆ, ನೃತ್ಯ ಇನ್ನೊಂದು ಕಡೆ ಎಂದು ಬೇರೆಯಾಗುತ್ತಿದ್ದ ಕಾಲದಲ್ಲಿ, ಎರಡನ್ನೂ ಒಂದೇ ಚಾವಡಿಯಲ್ಲಿ ಇಟ್ಟುಕೊಂಡಿದ್ದ ಮನೆಯ ವಿದ್ಯೆಯನ್ನು ಅತಿಥಿ ವಿದ್ಯಾರ್ಥಿ ಬರೆದಿಟ್ಟ.

ಕನ್ನಡದ ಒಂದು ಎಳೆಯೂ ಇಲ್ಲಿದೆ. ಬಾಲಸರಸ್ವತಿಯವರ ಹೆಸರಿನೊಡನೆ ಬಿಡಿಸಲಾಗದಂತೆ ಸೇರಿಹೋದ ಅಭಿನಯ ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’. ಸತ್ಯಜಿತ್ ರಾಯ್ 1976ರಲ್ಲಿ ಅವರ ಬಗ್ಗೆ ತೆಗೆದ ‘ಬಾಲಾ’ ಸಾಕ್ಷ್ಯಚಿತ್ರದಲ್ಲಿ ಕಡಲ ದಂಡೆಯ ಮೇಲೆ ಅವರು ಅಭಿನಯಿಸುವುದು ಇದನ್ನೇ. ಹಾಡು ವಿಜಯನಗರದಿಂದ ಮದ್ರಾಸಿಗೆ ಬರಲು ಯಾವ ಫುಲ್‌ಬ್ರೈಟೂ ಬೇಕಾಗಿರಲಿಲ್ಲ.

ನಮ್ಮ ಕರಾವಳಿಗೂ ಇಂಥ ವಿದ್ಯಾರ್ಥಿನಿಯೊಬ್ಬರು ಬಂದಿದ್ದರು. ಅಮೆರಿಕದ ಮಾರ್ಥಾ ಆಷ್ಟನ್ ಮದ್ದಳೆಯ ಹಿರಿಯಡ್ಕ ಗೋಪಾಲರಾಯರಿಂದ ಯಕ್ಷಗಾನ ಕಲಿತು ಗೆಜ್ಜೆ ಕಟ್ಟಿದರು. ಬ್ರೂಸ್ ಕ್ರಿಸ್ಟಿ ಜತೆ ಅವರು ಯಕ್ಷಗಾನದ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕ 1977ರಲ್ಲಿ ದೆಹಲಿಯಿಂದ ಹೊರಬಂತು. ಇಲ್ಲೂ ಅದೇ: ಕಲಿಯಲು ಬಂದವರು ಕೇಳಿದ ಪ್ರಶ್ನೆಗೆ, ಮನೆಯವರು ಕೇಳಿರದಿದ್ದ ಪ್ರಶ್ನೆಗೆ, ಗುರು ಉತ್ತರ ಹೇಳಬೇಕಾಯಿತು. ಆ ಉತ್ತರ ಬರಹದಲ್ಲಿ ಉಳಿಯಿತು.

1971ರಲ್ಲಿ ಹಿಗ್ಗಿನ್ಸ್ ಮೃದಂಗ ವಿದ್ವಾನ್ ತಿರುಚ್ಚಿ ಶಂಕರನ್ ಜತೆ ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಭಾರತದ ಸಂಗೀತದ ಪಾಠ ಆರಂಭಿಸಿದರು. ವಿಶ್ವನಾಥನ್ 1975ರಿಂದ ವೆಸ್ಲಿಯನ್‌ನಲ್ಲಿ ನೆಲೆಸಿದರು. 1988ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. 1984 ಮಾತ್ರ ಈ ಬಳಗಕ್ಕೆ ಕೆಟ್ಟ ವರ್ಷ. ಫೆಬ್ರವರಿಯಲ್ಲಿ ಬಾಲಸರಸ್ವತಿ ತೀರಿಕೊಂಡರು. ಡಿಸೆಂಬರಿನಲ್ಲಿ ವಾಹನವೊಂದು ಗುದ್ದಿ ನಿಲ್ಲಿಸದೆ ಹೋಯಿತು. ಹಿಗ್ಗಿನ್ಸ್ 45ನೇ ವಯಸ್ಸಿಗೆ ಹೋಗಿಬಿಟ್ಟರು.

ಇಂದು ನಮ್ಮ ಓದುಗರಲ್ಲೇ ಕೆಲವರು ಒಂದು ಸೆಮಿಸ್ಟರಿನ ಮಟ್ಟಿಗೆ ನಾಟಕ, ನೃತ್ಯ, ಸಂಗೀತ ಕಲಿಯಲು ಹೊರದೇಶಕ್ಕೆ ಹೋಗುತ್ತಾರೆ. ನಾಲ್ಕು ತಿಂಗಳಲ್ಲಿ ಏನು ಕಲಿಯಲು ಸಾಧ್ಯ ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ನಿಜ, ನಾಲ್ಕು ತಿಂಗಳಲ್ಲಿ ಒಂದು ಕಲೆ ಕೈಗೆ ಬಾರದು. ಯಾರ ಬಳಿ ಮರಳಿ ಹೋಗಬೇಕು ಎಂಬುದು ಗೊತ್ತಾಗಬಹುದು. ಈ ಚರಿತ್ರೆಯಲ್ಲಿ ಫಲ ಕೊಟ್ಟದ್ದು ವಿದ್ಯಾರ್ಥಿವೇತನದ ಮೊದಲ ಅವಧಿಗಿಂತ ಅದರ ನಂತರದ ವರ್ಷಗಳು. ವಿಶ್ವನಾಥನ್ 2002ರಲ್ಲಿ ತೀರಿಕೊಂಡರು. ದಕ್ಷಿಣ ಭಾರತದ ಸಂಗೀತದ ಬಗ್ಗೆ ಅವರ ಪುಸ್ತಕ 2004ರಲ್ಲಿ ಪ್ರಕಟವಾಯಿತು. ಮುಖಪುಟದ ಮೇಲೆ ಎರಡು ಹೆಸರುಗಳಿವೆ: ಒಂದು ಅವರದು, ಇನ್ನೊಂದು ಅವರ ಅಮೆರಿಕನ್ ಶಿಷ್ಯ ಮ್ಯಾಥ್ಯೂ ಅಲೆನ್ ಅವರದು.