ಲಂಡನ್ನಿನ ಹಳೇ ಬಾಗಿಲುಗಳು – 6: ಔಷಧಿಗಾರರ ಹಾಲ್

ಬ್ಲ್ಯಾಕ್‌ಫ್ರಯರ್ಸ್ ಸ್ಟೇಷನ್ ಹತ್ತಿರ ಒಂದು ಸಣ್ಣ ಓಣಿ. ಕಮಾನು ದಾಟಿದ್ರೆ ಕಲ್ಲು ಹಾಸಿದ ಅಂಗಳ. ಇದೇ ಅಪೊಥೆಕರೀಸ್ ಹಾಲ್. ಅಪೊಥೆಕರಿ ಅಂದ್ರೆ ಔಷಧಿ ಅರೆದು, ಬೆರೆಸಿ ಕೊಡ್ತಿದ್ದವರು.

ಮೊದಲು ಇವರು ಮೆಣಸು, ಮಸಾಲೆ ಮಾರೋರ ಸಂಘದಲ್ಲೇ ಇದ್ರು. 1617ರಲ್ಲಿ ದೊರೆ ಒಂದನೇ ಜೇಮ್ಸ್ ಸನ್ನದು ಕೊಟ್ಟ, ಸಂಘ ಬೇರೆ ಆಯ್ತು. 1632ರಲ್ಲಿ ಈ ಜಾಗ ಕೊಂಡರು. 1666ರ ಮಹಾಬೆಂಕಿಯಲ್ಲಿ ಸುಟ್ಟುಹೋಯ್ತು, ಮತ್ತೆ ಕಟ್ಟಿದರು. 1704ರ ತೀರ್ಪಿನ ನಂತರ ರೋಗಿ ನೋಡಿ ಔಷಧಿ ಹೇಳೋ ಹಕ್ಕು ಸಿಕ್ತು. 1815ರ ಕಾಯ್ದೆಯಿಂದ ಪರೀಕ್ಷೆ ಮಾಡಿ ಲೈಸೆನ್ಸ್ ಕೊಡೋ ಅಧಿಕಾರವೂ ಬಂತು. ಕವಿ ಕೀಟ್ಸ್ 1816ರಲ್ಲಿ ಈ ಪರೀಕ್ಷೆ ಪಾಸಾಗಿದ್ದ.

ಆದರೆ ಅಂಗಳದಲ್ಲಿ ನಿಂತಾಗ ನನಗೆ ನೆನಪಾದದ್ದು ಎಲಿಜಬೆತ್ ಗ್ಯಾರೆಟ್. ಹೆಣ್ಣು ಅನ್ನೋ ಕಾರಣಕ್ಕೆ ಮೆಡಿಕಲ್ ಕಾಲೇಜುಗಳು ಸೇರಿಸಿಕೊಳ್ಳಲಿಲ್ಲ. ಖಾಸಗಿಯಾಗಿ ಪಾಠ ಹೇಳಿಸಿಕೊಂಡು ಇಲ್ಲಿಗೆ ಬಂದರು. ಗಂಡಸರಿಗೆ ಮಾತ್ರ ಅಂತ ಸಂಘದ ಸನ್ನದಿನಲ್ಲಿ ಬರೆದಿರಲಿಲ್ಲ! ಆದರೂ ಹಿಂದೇಟು ಹಾಕಿದರು. ಕೋರ್ಟಿಗೆ ಹೋಗ್ತೀನಿ ಅಂತ ಅಪ್ಪ ಪಟ್ಟು ಹಿಡಿದರು. 1865ರಲ್ಲಿ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದೇಬಿಟ್ಟರು.

ಆಮೇಲೆ ಸಂಘ ಏನು ಮಾಡ್ತು ಗೊತ್ತಾ? ಖಾಸಗಿ ಪಾಠ ನಡೆಯಲ್ಲ ಅಂತ ನಿಯಮವನ್ನೇ ತಿದ್ದಿತು. ಕಾಲೇಜು ಸೇರಿಸಲ್ಲ, ಹೊರಗೆ ಓದಿದ್ರೆ ಒಪ್ಪಲ್ಲ. ಉಳಿದ ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕು? ಅವರಿಗೂ ಪರೀಕ್ಷೆ ಮಾಡಬಹುದು ಅನ್ನೋ ಕಾಯ್ದೆ ಬಂದದ್ದು 1876ರಲ್ಲಿ.

ಫೋಟೋದಲ್ಲಿ ಬಾಗಿಲು ತೆರೆದೇ ಇದೆ. ಒಬ್ಬರು ಒಳಗೆ ಬಂದ ಕೂಡಲೇ ಅವರ ಹಿಂದೆ ಅದನ್ನ ಮುಚ್ಚಿದ್ದು ಫೋಟೋದಲ್ಲಿ ಕಾಣಲ್ಲ, ಅದಕ್ಕೇ ಇಷ್ಟುದ್ದ ಬರೆದೆ.