ಕೌಟಿಲ್ಯನ ಭೃತ್ಯನೂ ಅವನ ಮನೆಯೂ

ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದೊಪ್ಪಿಸಿದ ತಾಳೆಯೋಲೆಯ ಪ್ರತಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವು ಬೆಳಕಿಗೆ ಬಂದಿತೆಂಬುದು ವಾಚಕರೆಲ್ಲರಿಗೂ ತಿಳಿದ ಸಂಗತಿಯೇ ಆಗಿದೆ. ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಲ್ಲಿ ಅದರ ವಿಷಯವನ್ನು ವಿದ್ವಲ್ಲೋಕಕ್ಕೆ ತಿಳಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಭಾಷಾಂತರವನ್ನೂ ಪ್ರಕಟಿಸಿದರು. ಅಂದಿನಿಂದ ಈ ಗ್ರಂಥದ ಮಂಡಲಸಿದ್ಧಾಂತ, ಗೂಢಪುರುಷರು, ಕರವಿಧಾನ ಇವುಗಳ ಮೇಲೆ ಬೇಕಾದಷ್ಟು ಲೇಖನಗಳು ಹೊರಬಿದ್ದಿವೆ. ಆದರೆ ಆ ದೊಡ್ಡ ರಾಜ್ಯಯಂತ್ರವನ್ನು ದಿನವೂ ನಡೆಯಿಸುತ್ತಿದ್ದ ಲೇಖಕ, ಸಂಖ್ಯಾಯಕ, ಅಧ್ಯಕ್ಷ, ನೂಲುವ ಹೆಂಗಸು ಇವರ ಬಾಳು ಕಾರ್ಯಸ್ಥಾನಕ್ಕೂ ಮನೆಗೂ ನಡುವೆ ಹೇಗೆ ಸಾಗುತ್ತಿತ್ತು, ಅವರ ಸ್ವಾಮಿಭಕ್ತಿಯು ಯಾವುದರಿಂದ ಬೆಳೆಯುತ್ತಿತ್ತು ಯಾವುದರಿಂದ ಕೆಡುತ್ತಿತ್ತು ಎಂಬುದನ್ನು ಕೌಟಿಲ್ಯನ ಮಾತಿನಿಂದಲೇ ಕೂಡಿಸಿ ನೋಡುವ ಪ್ರಯತ್ನವು ವಿರಳ. ಭಯವೊಂದನ್ನೇ ಬಲ್ಲವನು ಈ ಆಚಾರ್ಯ ಎಂಬ ಪ್ರಸಿದ್ಧಿಯು ಅದಕ್ಕೆ ಕಾರಣವಾಗಿರಬಹುದು. ಆ ಪ್ರಸಿದ್ಧಿಯು ಅರ್ಧಸತ್ಯವೆಂದು ನನ್ನ ಅಭಿಪ್ರಾಯ.

ಮೊದಲು ಶಂಕೆಯ ಭಾಗವನ್ನೇ ನೋಡೋಣ. ಎರಡನೆಯ ಅಧಿಕರಣದಲ್ಲಿ ಅಕ್ಷಪಟಲದ ವಿಧಾನವು ಹೇಳಲ್ಪಟ್ಟಿದೆ. 354 ಅಹೋರಾತ್ರಗಳು ಒಂದು ಕರ್ಮಸಂವತ್ಸರ. ಆಷಾಢದ ಹುಣ್ಣಿಮೆಗೆ ಅದು ಮುಗಿಯುತ್ತದೆ. ಕೆಲಸವು ತುಂಬಿದ್ದರೆ ವೇತನವೂ ತುಂಬ, ಕೊರತೆಯಾದರೆ ವೇತನವೂ ಕೊರತೆ. ಆಷಾಢದಲ್ಲಿ ನಾನಾ ಸ್ಥಾನಗಳ ಗಾಣನಿಕರು ಮುದ್ರೆಯೊತ್ತಿದ ಲೆಕ್ಕದ ಪುಸ್ತಕಗಳನ್ನೂ ಉಳಿಕೆಯ ಹಣವನ್ನೂ ತೆಗೆದುಕೊಂಡು ಬರಬೇಕು. ಬಂದವರು ಒಬ್ಬರೊಡನೊಬ್ಬರು ಮಾತನಾಡದಂತೆ ತಡೆಯಬೇಕೆಂದು ಅಲ್ಲಿ ವಿಧಿಸಿದೆ. ವರ್ಷಕ್ಕೊಮ್ಮೆ ದೂರದೂರದ ಜನಪದಗಳಿಂದ ಬಂದು ಒಂದೇ ಅಂಗಳದಲ್ಲಿ ಕುಳಿತವರು ಮೌನವಾಗಿರಬೇಕಾಗಿದ್ದ ಆ ದೃಶ್ಯವನ್ನು ವಾಚಕರು ಊಹಿಸಿಕೊಳ್ಳಬಹುದು. ಒಂಬತ್ತನೆಯ ಅಧ್ಯಾಯದಲ್ಲಿ ಈ ಶಂಕೆಗೆ ಕಾರಣವು ಹೊರಬೀಳುತ್ತದೆ. ಅಧಿಕಾರಿಗಳು ಒಂದಾಗಿ ಕೂಡಿದರೆ ರಾಜದ್ರವ್ಯವನ್ನು ಭಕ್ಷಿಸುವರು, ತಮ್ಮಲ್ಲಿ ಕಲಹವಾಡಿದರೆ ಕಾರ್ಯವನ್ನು ನಾಶಪಡಿಸುವರು ಎಂದು ಆಚಾರ್ಯನ ಭಯ. ಆದುದರಿಂದ ಒಂದೊಂದು ಅಧಿಕರಣಕ್ಕೂ ಅನೇಕ ಮುಖ್ಯರಿರಬೇಕು, ಯಾರೂ ಒಂದೇ ಸ್ಥಾನದಲ್ಲಿ ಬೇರೂರಬಾರದು, ಆಪತ್ತಿನ ಪರಿಹಾರವೊಂದನ್ನುಳಿದು ಯಾವ ಕಾರ್ಯವನ್ನೂ ಒಡೆಯನಿಗೆ ಅರಿಕೆಮಾಡದೆ ಆರಂಭಿಸಬಾರದು. ನೀರಿನೊಳಗಿನ ಮೀನಿನ ಪ್ರಸಿದ್ಧವಾದ ಉಪಮಾನವು ಬರುವುದೂ ಇದೇ ಅಧ್ಯಾಯದಲ್ಲಿಯೇ. ಸಹೋದ್ಯೋಗಿಗಳ ಸ್ನೇಹವೂ ದೋಷ, ವೈರವೂ ದೋಷ ಎಂದಾದಮೇಲೆ ಆ ಕಾರ್ಯಸ್ಥಾನದಲ್ಲಿ ಮನುಷ್ಯನಿಗೆ ಉಳಿಯುವ ಸಂಬಂಧವು ಒಡೆಯನೊಡನೆ ಇರುವುದೊಂದೇ. ಕೌಟಿಲ್ಯನಿಗೆ ಬೇಕಾದುದೂ ಅದೇ ಎಂದು ತೋರುತ್ತದೆ.

ಇಷ್ಟನ್ನೇ ಓದಿ ನಿಲ್ಲಿಸುವವರು ಬಹಳ. ಆದರೆ ಅದೇ ಅಕ್ಷಪಟಲದ ಅಧ್ಯಾಯದಲ್ಲಿ, ಲೆಕ್ಕವನ್ನೊಪ್ಪಿಸಲು ಕಾರ್ಮಿಕನು ಬಂದು ನಿಂತಿರುವಾಗ ಪರೀಕ್ಷಿಸಬೇಕಾದ ಕಾರಣಿಕನು ಗಮನಕೊಡದಿದ್ದರೆ ಅವನಿಗೆ ಪೂರ್ವಸಾಹಸದಂಡವೆಂದು ಹೇಳಿರುವುದನ್ನು ಗಮನಿಸಬೇಕು. ಕಾರ್ಮಿಕನ ಕಡೆಯಿಂದ ತಪ್ಪಾದರೆ ದಂಡವು ಇಮ್ಮಡಿಯೆಂಬುದು ನಿಜ, ತಕ್ಕಡಿಯು ಸಮವಾಗಿಲ್ಲ. ಆದರೂ ಮೇಲಿನವನು ಕೆಳಗಿನವನನ್ನು ಬಾಗಿಲಲ್ಲಿ ಕಾಯಿಸುವುದನ್ನು ಅಪರಾಧವೆಂದು ಎಣಿಸಿದ ಶಾಸ್ತ್ರಕಾರನು ಕಾರ್ಯಸ್ಥಾನದ ಒಳಗನ್ನು ಕಂಡವನೇ ಸರಿ. ಒಂಬತ್ತನೆಯ ಅಧ್ಯಾಯದಲ್ಲಿಯೂ ಆದಾಯವನ್ನು ಕಡಿಮೆಮಾಡುವವನ ಜೊತೆಯಲ್ಲಿಯೇ, ಅದನ್ನು ಇಮ್ಮಡಿಗೊಳಿಸಿ ತೋರಿಸುವ ಅಧಿಕಾರಿಯನ್ನೂ ಜನಪದವನ್ನು ತಿನ್ನುವವನೆಂದು ನಿಂದಿಸಿದ್ದಾನೆ. ತನ್ನನ್ನೂ ತನ್ನ ಭೃತ್ಯರನ್ನೂ ಪೀಡಿಸಿ ಹಣವನ್ನು ಕೂಡಹಾಕುವವನಿಗೆ ಕದರ್ಯನೆಂಬ ಹೆಸರನ್ನಿಟ್ಟಿದ್ದಾನೆ. ಕದರ್ಯಶಬ್ದಕ್ಕೆ ನಾವು ಸಾಮಾನ್ಯವಾಗಿ ಜಿಪುಣನೆಂದಷ್ಟೇ ಅರ್ಥಹೇಳಿ ಮುಂದಕ್ಕೆ ಹೋಗುತ್ತೇವೆ. ಭೃತ್ಯಪೀಡೆಯು ಅದರ ಲಕ್ಷಣದೊಳಗೆಯೇ ಸೇರಿದೆಯೆಂಬುದನ್ನು ಪಾಠಹೇಳುವವರು ಮರೆಯಬಾರದು.

ಶಂಕೆಗೂ ಒಂದು ಮೇರೆಯುಂಟೆಂಬುದು ಮೊದಲನೆಯ ಅಧಿಕರಣದ ಉಪಧಾಪ್ರಕರಣದಲ್ಲಿ ಸ್ಪಷ್ಟವಾಗುತ್ತದೆ. ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಬಗೆಯ ಕಪಟಪರೀಕ್ಷೆಗಳಿಂದ ಅಮಾತ್ಯರ ಶುಚಿತ್ವವನ್ನು ತಿಳಿಯಬೇಕೆಂದು ಪೂರ್ವಾಚಾರ್ಯರ ಮತವನ್ನು ವಿವರವಾಗಿ ಹೇಳಿ, ಕೌಟಿಲ್ಯನು ಕಡೆಯಲ್ಲಿ ತನ್ನ ಭಿನ್ನಮತವನ್ನು ಸೇರಿಸಿದ್ದಾನೆ. ರಾಜನು ತನ್ನನ್ನಾಗಲಿ ರಾಣಿಯನ್ನಾಗಲಿ ಇಂಥ ಪರೀಕ್ಷೆಗೆ ಗುರಿಯಾಗಿಡಬಾರದು. ನೀರಿಗೆ ವಿಷ ಬೆರಸಿದಂತೆ, ಕೆಡದಿರುವವನನ್ನು ಪರೀಕ್ಷೆಯ ನೆವದಿಂದ ಕೆಡಿಸಬಾರದು. ಒಮ್ಮೆ ಕೆಟ್ಟ ಬುದ್ಧಿಗೆ ಔಷಧವು ದೊರೆಯದೆ ಹೋಗಬಹುದು. ಪರೀಕ್ಷೆಯೇ ನಿಷ್ಠೆಯನ್ನು ಕೆಡಿಸುವ ಸಾಧನವಾಗಬಹುದೆಂಬ ಈ ತಿಳಿವಳಿಕೆಯು ಸಾಮಾನ್ಯವಾದುದಲ್ಲ.

ಗ್ರಂಥದ ಒಂದು ಮುಖವು ಕಠಿಣ, ಇನ್ನೊಂದು ಮೃದು ಎಂದು ಕಂಡಾಗ ಇವು ಬೇರೆಬೇರೆ ಕೈಗಳ ರಚನೆಯೆನ್ನುವುದು ಸುಲಭವಾದ ಸಮಾಧಾನ. ಟ್ರೌಟ್‌ಮನ್ ಪಂಡಿತರು 1971ರಲ್ಲಿ ಶಬ್ದಪ್ರಯೋಗಗಳ ಗಣನೆಯಿಂದ ಈ ಗ್ರಂಥವು ಒಬ್ಬನ ಕೃತಿಯಲ್ಲವೆಂದು ವಾದಿಸಿದರು. 2013ರಲ್ಲಿ ಹೊಸ ಇಂಗ್ಲಿಷ್ ಭಾಷಾಂತರವನ್ನು ಹೊರತಂದ ಒಲಿವೆಲ್ ಪಂಡಿತರೂ ಇದು ಮೌರ್ಯಕಾಲಕ್ಕೆ ಈಚಿನದು, ಹಲವು ಪದರಗಳುಳ್ಳದ್ದು ಎನ್ನುತ್ತಾರೆ. ಕರ್ತೃವಿಚಾರವನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಕೌಟಿಲ್ಯನೆಂದು ಗ್ರಂಥವು ಕರೆಯುವವನನ್ನೇ ಆ ಹೆಸರಿನಿಂದ ನಾನೂ ಕರೆಯುತ್ತಿದ್ದೇನೆ. ಆದರೆ ಕಾಠಿಣ್ಯವೂ ಕರುಣೆಯೂ ಒಂದೇ ಅಧ್ಯಾಯದಲ್ಲಿ ಅಕ್ಕಪಕ್ಕದ ವಾಕ್ಯಗಳಲ್ಲಿ ನಿಂತಿರುವಾಗ ಪದರಗಳ ವಾದವು ನಮಗೆ ಇಲ್ಲಿ ಸಹಾಯಕ್ಕೆ ಬಾರದು. ಸೂತ್ರಾಧ್ಯಕ್ಷಪ್ರಕರಣವು ಇದಕ್ಕೆ ಒಳ್ಳೆಯ ನಿದರ್ಶನ.

ನೂಲು ತೆಗೆಯುವ ಕೆಲಸವನ್ನು ವಿಧವೆಯರು, ಅಂಗವಿಕಲೆಯರು, ಕನ್ಯೆಯರು ಮೊದಲಾದ ಆಶ್ರಯಹೀನರಾದ ಸ್ತ್ರೀಯರಿಂದ ಮಾಡಿಸಬೇಕೆಂದು ಅಲ್ಲಿ ಹೇಳಿದೆ. ನೂಲಿನ ನಯ, ಒರಟು, ಪ್ರಮಾಣಗಳನ್ನು ನೋಡಿ ವೇತನ. ಹೆಚ್ಚು ನೂತವರಿಗೆ ತಲೆಗೆ ಎಣ್ಣೆ, ನೆಲ್ಲಿಕಾಯಿ. ಹಬ್ಬದ ತಿಥಿಗಳಲ್ಲಿ ಕೆಲಸಮಾಡಿಸಬೇಕಾದರೆ ಸಂಮಾನವನ್ನೂ ದಾನವನ್ನೂ ಕೊಟ್ಟು ಮಾಡಿಸಬೇಕು. ಮನೆಯಿಂದ ಹೊರಗೆ ಕಾಲಿಡದ, ಆದರೆ ತಾವೇ ದುಡಿದು ಹೊಟ್ಟೆಹೊರೆಯಬೇಕಾದ ಹೆಂಗಸರಿಗೆ ಸೂತ್ರಾಧ್ಯಕ್ಷನು ತನ್ನ ದಾಸಿಯರ ಮೂಲಕ ಮನೆಗೇ ಕೆಲಸವನ್ನು ಕಳುಹಿಸಬೇಕು, ಅದೂ ಆದರದಿಂದ. ತಾವಾಗಿ ಸೂತ್ರಶಾಲೆಗೆ ಬರುವವರ ನೂಲನ್ನು ಬೆಳಗಿನ ಜಾವದಲ್ಲಿಯೇ ತೆಗೆದುಕೊಂಡು ವೇತನವನ್ನು ಕೊಡಬೇಕು; ನೂಲನ್ನು ಪರೀಕ್ಷಿಸುವುದಕ್ಕೆ ಎಷ್ಟು ಬೇಕೋ ಅಷ್ಟೇ ದೀಪದ ಬೆಳಕಿರಬೇಕು. ಅಧ್ಯಕ್ಷನು ಆ ಹೆಂಗಸಿನ ಮುಖವನ್ನು ನೋಡಿದರೆ ಅಥವಾ ಕೆಲಸಕ್ಕೆ ಸಂಬಂಧಿಸದ ಮಾತನ್ನಾಡಿದರೆ ಪೂರ್ವಸಾಹಸದಂಡ, ಅಂದರೆ 48 ಪಣಗಳಿಂದ 96ರ ವರೆಗೆ. ವೇತನದ ಕಾಲವನ್ನು ಮೀರಿಸಿದರೆ ಮಧ್ಯಮ, 200ರಿಂದ 500. ಕೂಲಿಯನ್ನು ತಡಮಾಡುವುದು ಅಸಭ್ಯವಾದ ಮಾತಿಗಿಂತ ದೊಡ್ಡ ಅಪರಾಧವೆಂದು ಎಣಿಸಿರುವುದು ಇಲ್ಲಿ ವಿಶೇಷ. ಹಾಗೆಂದು ಇದನ್ನು ಹೊಗಳಿ ಮುಗಿಸುವಂತಿಲ್ಲ. ವೇತನವನ್ನು ತೆಗೆದುಕೊಂಡು ಕೆಲಸಮಾಡದವಳಿಗೆ ಅಂಗುಷ್ಠಸಂದಂಶವೆಂಬ ಹೆಬ್ಬೆರಳಿನ ದಂಡನೆಯನ್ನು ಅದೇ ಲೇಖನಿಯು ಬರೆದಿದೆ. ನೂಲುವವಳಿಗೆ ಹೆಬ್ಬೆರಳೇ ಜೀವನೋಪಾಯವೆಂಬುದನ್ನು ಬರೆದವನು ಅರಿಯದೆ ಇರಲಾರನು.

ಮೂರನೆಯ ಅಧಿಕರಣದ ಕರ್ಮಕರವಿಧಾನದಲ್ಲಿ ನ್ಯಾಯವು ಹೆಚ್ಚು ಮೆತ್ತಗಿದೆ. ಸಂಬಳ ಪಡೆದು ಕೆಲಸಮಾಡದವನಿಗೆ 12 ಪಣ ದಂಡ. ಆದರೆ ಅಶಕ್ತನಾದವನಿಗೆ, ಕೆಲಸವು ನೀಚವಾದುದಾಗಿದ್ದರೆ, ವ್ಯಾಧಿಯಲ್ಲಿ ಅಥವಾ ವ್ಯಸನದಲ್ಲಿ ಸಿಕ್ಕಿದ್ದರೆ, ಒಪ್ಪಂದದಿಂದ ಹಿಂತೆಗೆಯುವ ಇಲ್ಲವೆ ಇನ್ನೊಬ್ಬನಿಂದ ಮಾಡಿಸಿಕೊಡುವ ಅವಕಾಶವುಂಟು.

ಇನ್ನು ಐದನೆಯ ಅಧಿಕರಣದ ಭೃತ್ಯಭರಣೀಯಕ್ಕೆ ಬರೋಣ. ಮಂತ್ರಿ, ಪುರೋಹಿತ, ಸೇನಾಪತಿ ಮೊದಲಾದವರಿಗೆ 48,000 ಪಣ. ಸಮಾಹರ್ತೃ, ಸನ್ನಿಧಾತೃಗಳಿಗೆ 24,000. ಹೀಗೆ ಇಳಿಯುತ್ತ ಲೇಖಕರಿಗೂ ಸಂಖ್ಯಾಯಕರಿಗೂ 500, ಕಾರುಶಿಲ್ಪಿಗಳಿಗೆ 120, ಕಡೆಯ ಪರಿಚಾರಕನಿಗೆ 60. ತುದಿಗೂ ಬುಡಕ್ಕೂ 800 ಪಾಲಿನ ಅಂತರ. ಮೇಲಿನವರಿಗೆ ಇಷ್ಟು ಕೊಡುವುದೇಕೆಂದರೆ, ಅವರು ಪರರ ಆಶೆಗೆ ಬೀಳದಿರಲಿ, ಕೋಪಗೊಳ್ಳದಿರಲಿ ಎಂದು. ಭೃತ್ಯವರ್ಗದ ವೆಚ್ಚವೆಲ್ಲ ಆದಾಯದ ನಾಲ್ಕನೆಯ ಒಂದು ಪಾಲಿನಲ್ಲಿ ಮುಗಿಯಬೇಕೆಂಬ ಕಟ್ಟೂ ಉಂಟು. ಈ ಲೆಕ್ಕಗಳು ಎಲ್ಲರ ಪುಸ್ತಕಗಳಲ್ಲಿಯೂ ಉದಾಹೃತವಾಗಿವೆ. ಆದರೆ ಅದೇ ಅಧ್ಯಾಯದಲ್ಲಿ ಅಷ್ಟು ಪ್ರಸಿದ್ಧಿಗೆ ಬಾರದ ಇನ್ನು ಕೆಲವು ವಿಧಿಗಳಿವೆ. ಕೆಲಸದಲ್ಲಿರುವಾಗ ಸತ್ತವರ ಹೆಂಡತಿಮಕ್ಕಳಿಗೆ ಅನ್ನವೂ ವೇತನವೂ ಸಲ್ಲಬೇಕು. ಅವರ ಮನೆಯ ಬಾಲರನ್ನೂ ವೃದ್ಧರನ್ನೂ ರೋಗಿಗಳನ್ನೂ ಅನುಗ್ರಹಿಸಬೇಕು. ಭೃತ್ಯನ ಮನೆಯಲ್ಲಿ ಸಾವು, ಕಾಯಿಲೆ, ಹೆರಿಗೆ ಒದಗಿದಾಗ ಹಣವನ್ನೂ ಮನ್ನಣೆಯನ್ನೂ ಮಾಡಬೇಕು. ಲೆಕ್ಕದ ಪುಸ್ತಕವನ್ನಿಡಿದು ಅಂಗಳದಲ್ಲಿ ಮೌನವಾಗಿ ಕುಳಿತಿದ್ದ ಆ ಗಾಣನಿಕನಿಗೆ ಒಂದು ಮನೆಯುಂಟು, ಅಲ್ಲಿ ಬಾಣಂತಿಯೊಬ್ಬಳು ಮಲಗಿರಬಹುದು ಎಂಬ ಅರಿವು ಇಲ್ಲಿ ಶಾಸ್ತ್ರದೊಳಕ್ಕೆ ಬಂದಿದೆ. ಮಂತ್ರಿಯ ನಿಷ್ಠೆಗೆ ಬೊಕ್ಕಸದ 48,000 ಪಣವಾದರೆ, ಕೆಳಗಿನವರ ನಿಷ್ಠೆಯು ಇಂಥ ವೇಳೆಗಳಲ್ಲಿ ಒಡೆಯನು ಏನು ಮಾಡಿದನೆಂಬುದರ ಮೇಲೆ ನಿಂತಿದೆಯೆಂದು ಕೌಟಿಲ್ಯನು ಬಲ್ಲನು.

ಆದರೆ ಈ ಮನೆಗೆ ಇನ್ನೊಂದು ಉಪಯೋಗವೂ ಉಂಟು. ಶತ್ರುವಿನ ಸೇವೆಯಲ್ಲಿ ಸೇರಿಕೊಂಡು ಉಭಯವೇತನರಾಗಿರುವ ಗೂಢಪುರುಷರನ್ನು ಕಳುಹಿಸುವಾಗ ಅವರ ಹೆಂಡತಿಮಕ್ಕಳನ್ನು ರಾಜನು ತನ್ನ ವಶದಲ್ಲಿಟ್ಟುಕೊಳ್ಳಬೇಕೆಂದು ಮೊದಲನೆಯ ಅಧಿಕರಣವು ಹೇಳುತ್ತದೆ. ಪಾಠಶಾಲೆಗಳಲ್ಲಿ ಮುದ್ರಾರಾಕ್ಷಸವನ್ನು ಓದಿದವರಿಗೆ ಇದು ಹೊಸದಾಗಿ ತೋರದು. ರಾಕ್ಷಸನು ತನ್ನ ಕುಟುಂಬವನ್ನು ಚಂದನದಾಸನ ಮನೆಯಲ್ಲಿ ಬಿಟ್ಟುಹೋದುದೇ ಚಾಣಕ್ಯನಿಗೆ ದೊರೆತ ಹಿಡಿ. ಗೆಳೆಯನನ್ನು ವಧ್ಯಸ್ಥಾನಕ್ಕೆ ಒಯ್ದಾಗ ರಾಕ್ಷಸನು ಸೋತು ಚಂದ್ರಗುಪ್ತನ ಅಮಾತ್ಯಪದವಿಯನ್ನು ಒಪ್ಪಿದನು. ಅನುಜೀವಿವೃತ್ತದಲ್ಲಿ ರಾಜಸೇವೆಯನ್ನು ಬೆಂಕಿಗೆ ಹೋಲಿಸಿ, ಬೆಂಕಿಯು ಸುಟ್ಟರೆ ಒಬ್ಬನ ದೇಹವನ್ನು ಮಾತ್ರ ಸುಡುವುದು, ರಾಜನಾದರೋ ಹೆಂಡತಿಮಕ್ಕಳೊಡನೆ ಸುಡಬಲ್ಲನು ಎಂಬ ಅಭಿಪ್ರಾಯವನ್ನು ಹೇಳಿದೆ. ಹಾಗಾಗಿ ಭೃತ್ಯನು ಪ್ರತಿದಿನವೂ ಒಡೆಯನ ಮುಖವನ್ನು ಓದಬೇಕು. ಮಾತನ್ನು ಆದರಿಸುವನೋ, ಆಸನವನ್ನು ಕೊಡುವನೋ, ಕಂಡಾಗ ಸಂತೋಷಪಡುವನೋ ಎಂಬ ತುಷ್ಟಿಯ ಚಿಹ್ನೆಗಳ ದೊಡ್ಡ ಪಟ್ಟಿಯೊಂದು ಮುಂದಿನ ಅಧ್ಯಾಯದಲ್ಲಿದೆ. ಇವುಗಳ ವಿಪರೀತವೇ ಅಸಂತೋಷ. ಅಲ್ಲಿಯೇ ಹಿಂದಿನ ಕೆಲವರು ಅತ್ಯಲ್ಪವಾದ ಚಿಹ್ನೆಯನ್ನು ಕಂಡು ಆಸ್ಥಾನವನ್ನು ಬಿಟ್ಟುಹೋದ ಸಂಗತಿಯು ಒಂದೊಂದೇ ಮಾತಿನಲ್ಲಿ ಸೂಚಿತವಾಗಿದೆ. ನೀರನ್ನು ಎತ್ತರದಿಂದ ಚಿಮುಕಿಸಿದುದರಿಂದ ಕಾತ್ಯಾಯನನೂ, ಹುಲ್ಲಿನ ಕಾರಣದಿಂದ ದೀರ್ಘಚಾರಾಯಣನೂ, ಬಟ್ಟೆಯು ತಣ್ಣಗಿದ್ದುದರಿಂದ ಘೋಟಮುಖನೂ, ಆನೆಯು ನೀರನ್ನೆರಚಿದುದರಿಂದ ಕಿಂಜಲ್ಕನೂ ಹೊರಟುಹೋದರು. ಹಣವೂ ಮಾನವೂ ಕುಂದಿದಾಗ ಒಡೆಯನನ್ನು ತ್ಯಜಿಸಬಹುದು, ಅಥವಾ ತನ್ನ ತಪ್ಪನ್ನು ಅರಿತು ತಿದ್ದಿಕೊಳ್ಳಬಹುದು, ಅಥವಾ ಒಡೆಯನಿಗೆ ಹತ್ತಿರದವನಾದ ಮಿತ್ರನ ಬಳಿಗೆ ಹೋಗಬಹುದು ಎಂದು ಆಚಾರ್ಯನು ಮೂರು ದಾರಿಗಳನ್ನು ತೋರಿಸಿದ್ದಾನೆ. ಬಿಡುವುದನ್ನು ದ್ರೋಹವೆಂದು ಅವನು ಎಲ್ಲಿಯೂ ಕರೆಯಲಿಲ್ಲ. ಆದರೆ ಹೊರಟುಹೋದವರ ಹೆಸರುಗಳೆಲ್ಲ ಆಚಾರ್ಯರದು, ಅಮಾತ್ಯರದು. 60 ಪಣದ ಪರಿಚಾರಕನು ತಣ್ಣಗಿನ ಬಟ್ಟೆಯನ್ನು ಕಂಡು ಕೆಲಸವನ್ನು ಬಿಡಬಲ್ಲನೇ?

ಕಡೆಯದಾಗಿ ಆಯಾಸದ ವಿಷಯ. ಕೌಟಿಲ್ಯನ ರಾಜನಿಗೆ ಹಗಲು ಎಂಟು ಪಾಲು, ರಾತ್ರಿ ಎಂಟು ಪಾಲು. ರಾತ್ರಿಯ ನಾಲ್ಕನೆಯ ಐದನೆಯ ಪಾಲುಗಳಲ್ಲಿ ನಿದ್ರೆ, ಹಗಲಿನ ಆರನೆಯದರಲ್ಲಿ ಸ್ವೇಚ್ಛಾವಿಹಾರ ಅಥವಾ ಮಂತ್ರಾಲೋಚನೆ. ಕೂಡಲೇ ಒಂದು ವಿಕಲ್ಪವನ್ನೂ ಹೇಳಿದೆ: ತನ್ನ ಶಕ್ತಿಗೆ ತಕ್ಕಂತೆ ಹೊತ್ತನ್ನು ಹಂಚಿಕೊಳ್ಳಬಹುದು. ಈ ವಿಕಲ್ಪವು ಅಕ್ಷಪಟಲದವರಿಗೆ ಇಲ್ಲ. ಅವರು ಆದಾಯವನ್ನು ಕೆಡಿಸುವ ಎಂಟು ಕಾರಣಗಳನ್ನು ಎಣಿಸುವಾಗ ಅಜ್ಞಾನ, ಆಲಸ್ಯ, ಪ್ರಮಾದ, ಭಯ, ಕಾಮ, ಕೋಪ, ದರ್ಪ, ಲೋಭ ಎಂದು ಹೇಳಿ, ಶ್ರಮವನ್ನು ತಾಳಲಾರದಿರುವುದನ್ನು ಆಲಸ್ಯದೊಳಗೆ ಸೇರಿಸಿಬಿಟ್ಟಿದ್ದಾನೆ. ದಣಿದವನೂ ಸೋಮಾರಿಯೂ ಅವನಿಗೆ ಒಂದೇ.

ಅಶೋಕನ ಪ್ರತ್ಯೇಕ ಶಿಲಾಶಾಸನದಲ್ಲಿ ಹಾಗಿಲ್ಲ. ಧೌಲಿ, ಜೌಗಡಗಳಲ್ಲಿರುವ ಈ ಶಾಸನದ ಪ್ರತಿಯು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ 1980ರ ದಶಕದ ಕೊನೆಯಲ್ಲಿ ದೊರೆಯಿತು. ನಗರದ ನ್ಯಾಯಾಧಿಕಾರಿಗಳಾದ ಮಹಾಮಾತ್ರರನ್ನು ಕುರಿತು, ಅವರು ಕರ್ತವ್ಯದಲ್ಲಿ ತಪ್ಪುವುದಕ್ಕೆ ಅರಸನು ಏಳು ಕಾರಣಗಳನ್ನು ಹೇಳುತ್ತಾನೆ: ಈರ್ಷ್ಯೆ, ಕೋಪ, ನಿಷ್ಠುರತೆ, ತ್ವರೆ, ಅಭ್ಯಾಸವಿಲ್ಲದಿರುವಿಕೆ, ಆಲಸ್ಯ, ಆಮೇಲೆ ಬೇರೆಯಾಗಿ ಕ್ಲಮಥ, ಅಂದರೆ ದಣಿವು. ಆಲಸ್ಯಕ್ಕೂ ದಣಿವಿಗೂ ಎರಡು ಬೇರೆ ಶಬ್ದಗಳನ್ನಿಟ್ಟ ಈ ಭೇದವು ಕೌಟಿಲ್ಯನ ಪಟ್ಟಿಯಲ್ಲಿ ಕಾಣದು. ಆದರೂ ಅಶೋಕನು ಹೇಳಿದ ಪರಿಹಾರವು ವಿಶ್ರಾಂತಿಯಲ್ಲ. ದಣಿದವನು ಏಳಲಾರನೆಂದು ಒಪ್ಪಿ, ಆದರೂ ಚಲಿಸಬೇಕು, ನಡೆಯಬೇಕು ಎನ್ನುತ್ತಾನೆ. ಆರನೆಯ ಶಿಲಾಶಾಸನದಲ್ಲಿ ತಾನು ಊಟಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಪ್ರಜಾಕಾರ್ಯವನ್ನು ತನಗೆ ಅರಿಕೆಮಾಡಬೇಕೆಂದು ವಿಧಿಸಿ ತನ್ನ ಮನೆಗೂ ಕಾರ್ಯಸ್ಥಾನಕ್ಕೂ ನಡುವಣ ಗೋಡೆಯನ್ನೇ ಕೆಡವಿದ ಅರಸನಿಂದ ಬೇರೆ ಮಾತನ್ನು ನಿರೀಕ್ಷಿಸುವುದು ಕಷ್ಟ. ಏಳು ದೋಷಗಳಿಲ್ಲದಿರುವುದಕ್ಕೆ ಮೂಲವಾವುದೆಂದರೆ ಕೋಪವಿಲ್ಲದಿರುವುದು, ತ್ವರೆಯಿಲ್ಲದಿರುವುದು ಎಂದು ಅವನು ಅಲ್ಲಿಯೇ ಹೇಳಿದ್ದಾನೆ. ಈ ಲಿಪಿಯನ್ನು ತಿಷ್ಯನಕ್ಷತ್ರದ ದಿನಗಳಲ್ಲಿ ಎಲ್ಲರೂ ಕೇಳಬೇಕು. ನಡುವೆ ಸಮಯವೊದಗಿದಾಗ ಒಬ್ಬನೇ ಇದ್ದರೂ ಕೇಳಬೇಕು ಎಂದು ಅಧಿಕಾರಿಗಳಿಗೆ ಆಜ್ಞೆಯಾಗಿದೆ.